ಮಲಗಿಸಿ ತೆಗೆದ ಚಿತ್ರ

ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಕೇಳಿಸಿದ್ದೇ ತಡ, ಅವನ ಕೈಯಲ್ಲಿದ್ದ ರೇಜರು ಗಾಳಿಯಲ್ಲಿ ನಿಂತುಬಿಟ್ಟಿತು. ಕನ್ನಡಿಯಲ್ಲಿ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದು ಇನ್ನೂ ನೊರೆಯಲ್ಲಿತ್ತು. ಒಂದು ಹೆಜ್ಜೆ ಗಟ್ಟಿಯಾಗಿ ಬೀಳುತ್ತಿತ್ತು, ಇನ್ನೊಂದು ಎಳೆದುಕೊಂಡು ಬಂದು ಅದರ ಪಕ್ಕದಲ್ಲೇ ನಿಲ್ಲುತ್ತಿತ್ತು, ಆಮೇಲೆ ಕಂಬಿ ಕಿರುಗುಟ್ಟುತ್ತಿತ್ತು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನ ಮೇಲೇ ಅವನಿಗೆ ಹೆಚ್ಚು ಗುಮಾನಿ. ಮಹಡಿಯ ಕೋಣೆಯಲ್ಲಿ ಅವನ ಅಕ್ಕ ಇದ್ದಳು. ಸೊಂಟದ ಮೂಳೆ ಮುರಿದುಕೊಂಡು ಈ ಮನೆಗೆ ಬಂದವಳು ಮಂಚಕ್ಕೂ ಕಿಟಕಿಗೂ ನಡುವೆ ವಾಕರ್ ಹಿಡಿದು ಓಡಾಡುವಷ್ಟು ಚೇತರಿಸಿಕೊಂಡಿದ್ದಳೇ ಹೊರತು ಮೆಟ್ಟಿಲಿಳಿಯುವ ಮಾತೇ ಇರಲಿಲ್ಲ. ಅವಳ ತಿಂಡಿ, ಬಿಸಿನೀರು, ಮಾತ್ರೆ, ಒಗೆದ ಬಟ್ಟೆ ಎಲ್ಲವೂ ಹೆಂಡತಿಯ ಕೈಯಲ್ಲೇ ಮೇಲೆ ಹೋಗಬೇಕು, ಖಾಲಿ ತಟ್ಟೆ ಅವಳ ಕೈಯಲ್ಲೇ ಕೆಳಗೆ ಬರಬೇಕು. ಬಚ್ಚಲ ಬಾಗಿಲು ಅರ್ಧ ತೆರೆದಿದೆ, ನಾನು ಒಳಗಿದ್ದೇನೆ, ಇದೆಲ್ಲ ಅವಳಿಗೆ ಗೊತ್ತು, ಎಂದುಕೊಂಡ ಅವನು. ನನ್ನ ಕಿವಿಗೆ ಬೀಳಲಿ ಎಂದೇ ಹೀಗೆ ಹತ್ತುತ್ತಿದ್ದಾಳೆ. ಕೆನ್ನೆಯ ಮೇಲೆ ನೊರೆ ಒಣಗಿ ಚುರುಚುರು ಎನ್ನತೊಡಗಿತು. ಬೇರೆಯವರ ಮನೆಯಲ್ಲಿ ಗಂಡಸರು ಗಡ್ಡ ಹೆರೆಯುವಾಗ ಹಾಡು ಗುನುಗುತ್ತಾರೋ ಏನೋ. ಇವನು ಮಾತ್ರ ಕಿವಿಯನ್ನು ಮೆಟ್ಟಿಲಿಗೆ ನೆಟ್ಟುಕೊಂಡು, ಮಂಡಿನೋವಿನ ಸಪ್ಪಳಕ್ಕೂ ಮಂಡಿನೋವಿನ ನಟನೆಯ ಸಪ್ಪಳಕ್ಕೂ ಇರಬಹುದಾದ ವ್ಯತ್ಯಾಸವನ್ನು ಹುಡುಕುತ್ತಿದ್ದ.

ಅವನ ಕೆಲಸವೇ ಅಂಥದ್ದು. ಪೇಟೆಯಲ್ಲಿ ಅವನಿಗೆ ತೂಕದ ಸಾಹೇಬ ಎಂದು ಹೆಸರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಹೊತ್ತೊಯ್ಯುವುದು. ಅವನ ಜೀಪು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ವ್ಯಾಪಾರಿಗಳ ಮುಖದಲ್ಲಿ ಎಲ್ಲಿಲ್ಲದ ವಿನಯ ಮೂಡುತ್ತಿತ್ತು. ಆ ವಿನಯವನ್ನು ನೋಡಿ ನೋಡಿ ಅವನಿಗೆ ವಿನಯ ಅಂದರೇ ಮೋಸದ ಮೊದಲ ಲಕ್ಷಣ ಅನ್ನುವಂತಾಗಿತ್ತು. ಯಾರಾದರೂ ಒಳ್ಳೆಯ ಮಾತಾಡಿದರೆ ಇದರ ಕೆಳಗೇನಿದೆ ಎಂದು ಎತ್ತಿ ನೋಡುವ ಚಟ. ಹೆಂಡತಿ ಮೊದಲ ಸಲ ಮಂಡಿನೋವು ಅಂದದ್ದು ಯಾವಾಗ ಎಂದು ಅವನು ಎಷ್ಟೋ ಸಲ ನೆನಪಿಸಿಕೊಂಡಿದ್ದ. ಅಕ್ಕ ಬಂದ ಮೇಲೆ. ಅಕ್ಕ ಬರುವ ಮೊದಲೂ ಅವಳು ಕೆಲವೊಮ್ಮೆ ನೆಲದಿಂದ ಏಳುವಾಗ ಮಂಡಿ ಒತ್ತಿಕೊಂಡು ಏಳುತ್ತಿದ್ದದ್ದು ನೆನಪಿಗೆ ಬರುತ್ತಿತ್ತು, ಆದರೆ ಆ ನೆನಪನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಕ್ಕ ಬಂದು ಒಂದು ಚಳಿಗಾಲ ಕಳೆಯುವುದರೊಳಗೆ ಅವಳು ಕೇಳಿಯೇಬಿಟ್ಟಿದ್ದಳು: ಅಕ್ಕನನ್ನು ಕೆಳಗಿನ ಮುಂದಿನ ಕೋಣೆಗೆ ತಂದುಬಿಡೋಣವೇ, ನನಗೆ ಹತ್ತಿಳಿಯುವುದು ಆಗುತ್ತಿಲ್ಲ. ಮುಂದಿನ ಕೋಣೆ ಅಂದರೆ ಅವನ ಕೋಣೆ. ಅಲ್ಲಿ ಅವನ ಒರಗುಕುರ್ಚಿ, ರೇಡಿಯೋ, ಗಾಜಿನ ಬೀರುವಿನಲ್ಲಿ ಅವನು ಅಲ್ಲಿ ಇಲ್ಲಿ ಆಯ್ದು ತಂದು ತೊಳೆದು ಹೊಳಪು ಕೊಟ್ಟ ಹಳೆಯ ಹಿತ್ತಾಳೆ ತಕ್ಕಡಿಗಳು. ಸಂಜೆ ಅಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಮನೆ ಅನ್ನುವುದು ದೂರದ ಊರಿನ ಹಾಗೆ ಕೇಳಿಸುತ್ತಿತ್ತು. ಅಕ್ಕನಿಗೆ ಮಹಡಿಯ ಕಿಟಕಿ ಇಷ್ಟ, ಬೀದಿ ಕಾಣುತ್ತದೆ, ಅವಳನ್ನು ಅಲ್ಲಿಂದ ಕೀಳುವುದು ಬೇಡ ಎಂದು ಅವನು ಹೇಳಿದ್ದ. ಹೆಂಡತಿ ಮತ್ತೆ ಕೇಳಲಿಲ್ಲ. ಮತ್ತೆ ಕೇಳಲಿಲ್ಲವಲ್ಲ, ಅದೇ ಅನುಮಾನಕ್ಕೆ ಕಾರಣ. ಬಾಯಿಬಿಟ್ಟು ಕೇಳುವುದನ್ನು ನಿಲ್ಲಿಸಿ ಕಾಲಿನಿಂದ ಕೇಳಲು ಶುರುಮಾಡಿದಳು ಎಂದು ಅವನು ತೀರ್ಮಾನಿಸಿದ.

ತಿಂಡಿಗೆ ಕೂತಾಗ ಅವಳು ಅಡುಗೆಮನೆಯಿಂದ ನೆಟ್ಟಗೆ ನಡೆದು ಬಂದು ತಟ್ಟೆ ಇಟ್ಟಳು. ನೋಡು, ಎಂದು ಅವನು ತನಗೆ ತಾನೇ ಹೇಳಿಕೊಂಡ, ಎಷ್ಟು ನೆಟ್ಟಗೆ. ಇದೊಂದು ವಿಚಿತ್ರವನ್ನು ಅವನು ಬಹಳ ದಿನದಿಂದ ಗಮನಿಸಿದ್ದ. ಕಣ್ಣೆದುರಿಗೆ ಬಂದರೆ ಕುಂಟು ಇರುವುದಿಲ್ಲ, ಗೋಡೆಯಾಚೆ ಹೋದರೆ ಶುರುವಾಗುತ್ತದೆ. ಕಚ್ಚಾ ಕಳ್ಳರು ಎದುರಿಗೇ ಕುಂಟುತ್ತಾರೆ. ಇವಳು ಪಳಗಿದವಳು, ಕಣ್ಣಿಗೆ ಅಲ್ಲ, ಕಿವಿಗೆ ನಾಟಕವಾಡುತ್ತಾಳೆ. ಒಂದು ಮಧ್ಯಾಹ್ನ ಅವನು ಹೇಳದೆ ಕೇಳದೆ ಬೇಗ ಮನೆಗೆ ಬಂದು, ಚಪ್ಪಲಿ ಹೊರಗೇ ಬಿಟ್ಟು, ಬೆಕ್ಕಿನ ಹಾಗೆ ಒಳಗೆ ನಡೆದಿದ್ದ. ಅವಳು ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಕಂಬಳಿ ಎಳೆಯುತ್ತಿದ್ದಳು. ಸಿಕ್ಕಿಬಿದ್ದಳು ಎಂದು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷಕ್ಕೆ ಅವನಿಗೇ ನಾಚಿಕೆಯಾಗಿ, ಅದನ್ನು ಸಿಟ್ಟಾಗಿ ಬದಲಾಯಿಸಿಕೊಂಡು, ಈಗ ಮಂಡಿ ಎಲ್ಲಿ ಹೋಯಿತು ಎಂದು ಕೇಳಿದ್ದ. ಅವಳು ಕಂಬಳಿಯನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೇ ನಿಂತಿದ್ದಳು, ಇಳಿಯಲಿಲ್ಲ. ಅಕ್ಕನಿಗೆ ಚಳಿಯಂತೆ ಎಂದಷ್ಟೇ ಹೇಳಿದಳು. ಅವನು ಹೊರಗೆ ಹೋಗುವವರೆಗೂ ಇಳಿಯಲಿಲ್ಲ ಅನ್ನುವುದು ಈಗ, ಚಮಚ ಬಾಯಿಗಿಡುವಾಗ, ಯಾಕೋ ನೆನಪಾಯಿತು. ಅಷ್ಟರಲ್ಲಿ ಅವಳು, ಇವತ್ತು ಸಂಜೆ ಮೂಳೆ ಡಾಕ್ಟರ ಹತ್ತಿರ ಹೋಗಬೇಕು, ಫೋನು ಮಾಡಿ ಕೇಳಿಕೊಂಡಿದ್ದೇನೆ, ನೀವು ಬರದಿದ್ದರೂ ಪರವಾಗಿಲ್ಲ ಎಂದಳು. ಬರದಿದ್ದರೂ ಪರವಾಗಿಲ್ಲ ಅಂದರೆ ಬರಬೇಡಿ ಎಂದರ್ಥ. ಬರುತ್ತೇನೆ ಎಂದ. ಕೋಣೆಗೆ ಹೋಗಿ, ಬೀರುವಿನ ಹಿಂದಿನಿಂದ ಹಳೆಯ ಎಕ್ಸ್‌ರೇ ಲಕೋಟೆಯನ್ನು ತೆಗೆದು ಧೂಳು ಕೊಡವಿ ಚೀಲಕ್ಕೆ ಹಾಕಿಕೊಂಡ.

ಆ ಎಕ್ಸ್‌ರೇ ಅವನ ಬ್ರಹ್ಮಾಸ್ತ್ರ. ಹೋದ ವರ್ಷ ತೆಗೆಸಿದ್ದು. ಅದನ್ನು ನೋಡಿದ ಬಡಾವಣೆಯ ಡಾಕ್ಟರು, ಕೀಲಿನ ಸಂದು ಚೆನ್ನಾಗಿಯೇ ಇದೆ, ವಯಸ್ಸಿಗೆ ತಕ್ಕಷ್ಟು ಸವೆತ, ಸ್ವಲ್ಪ ತೂಕ ಇಳಿಸಲಿ, ಅಂದಿದ್ದರು. ಸಂದು ಚೆನ್ನಾಗಿಯೇ ಇದೆ. ಆ ಮಾತನ್ನು ಅವನು ಮನೆಗೆ ತಂದು, ಅಕ್ಕನಿಗೆ ಮಹಡಿ ಹತ್ತಿ ಹೇಳಿ ಬಂದ. ಅಕ್ಕ ತುಟಿ ಸೊಟ್ಟ ಮಾಡಿ, ನಮಗೇನು ಮಂಡಿ ಇರಲಿಲ್ಲವೇ, ನಾವೇನು ಊರೆಲ್ಲ ಡಂಗುರ ಹೊಡೆದೆವೇ ಎಂದಿದ್ದಳು. ಆಫೀಸಿನವರು ಮನೆಗೆ ಬಂದಾಗ ಒಮ್ಮೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದ. ಎರಡು ಮೂಳೆಗಳ ನಡುವೆ ಕಪ್ಪಗೆ, ಬಾಗಿಲ ಕೆಳಗಿನ ಸಂದಿನಂತೆ ಒಂದು ಜಾಗ. ಇಷ್ಟು ಜಾಗ ಇದ್ದರೂ ನೋಡಿ ನಮ್ಮ ಮನೆಯವಳ ನಡಿಗೆ, ಎಂದು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲು ಎಳೆದುಕೊಂಡು ಹಜಾರದ ತುಂಬ ನಡೆದು ತೋರಿಸಿದ. ಅವನಿಗೆ ಮಿಮಿಕ್ರಿ ಚೆನ್ನಾಗಿ ಬರುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳೂ ನಕ್ಕಳು. ಅವಳೂ ನಕ್ಕಳಲ್ಲ, ಎಂದು ಅವನು ಆ ಸಂಜೆಯನ್ನು ನೆನೆದಾಗಲೆಲ್ಲ ಹೇಳಿಕೊಳ್ಳುತ್ತಿದ್ದ. ನಿಜವಾಗಿ ನೋವಿದ್ದವರು ನಗುತ್ತಾರೆಯೇ.

ಪೇಟೆಯಲ್ಲಿ ಆವತ್ತು ದಿನಸಿ ಅಂಗಡಿಗಳ ಸರದಿ. ಬಿಳಿಮೀಸೆಯ ವ್ಯಾಪಾರಿಯೊಬ್ಬ ಇವನನ್ನು ಕಂಡವನೇ ಸ್ಟೂಲು ಒರೆಸಿ ಹಾಕಿದ, ಫ್ಯಾನು ತಿರುಗಿಸಿದ. ಅಲ್ಲಿಗೇ ಇವನ ಮೂಗು ಚುರುಕಾಯಿತು. ರೈತರಿಂದ ಕೊಳ್ಳುವ ಮೂಟೆ ತೂಗುವ ದೊಡ್ಡ ಮುಖದ ತಕ್ಕಡಿ, ಗಡಿಯಾರದಂಥ ಬಿಲ್ಲೆ, ಕೆಂಪು ಮುಳ್ಳು. ಮುಳ್ಳು ಸೊನ್ನೆಯ ಮೇಲೆ ಸತ್ತಂತೆ ನಿಂತಿತ್ತು. ಸಾಹೇಬ್ರೇ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ, ನೀವೇ ನೋಡಿ, ಎಂದು ಬಿಳಿಮೀಸೆ ಬಿಲ್ಲೆಯ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಇವನು ಮುಳ್ಳನ್ನು ನೋಡಲೂ ಇಲ್ಲ. ಜೀಪಿನಿಂದ ತೂಕದ ಕಲ್ಲುಗಳನ್ನು ತರಿಸಿ, ಮೊದಲು ಹಲಗೆಯ ನಡುವೆ, ಆಮೇಲೆ ಒಂದೊಂದು ಮೂಲೆಗೆ ಇಡಿಸಿದ. ಮೂರು ಮೂಲೆಯಲ್ಲಿ ಮುಳ್ಳು ಸರಿಯಾಗಿ ಓಡಿತು. ಒಳಗಿನ ಮೂಲೆಯಲ್ಲಿ, ವ್ಯಾಪಾರಿ ನಿಂತು ತೂಗುವ ಕಡೆ, ಮುಳ್ಳು ಹೋಗಬೇಕಾದ ಜಾಗಕ್ಕೆ ಹೋಗದೆ ಸುಸ್ತಾದವನಂತೆ ನಿಂತಿತು. ಆ ಮೂಲೆಯ ಕೆಳಗಿನ ಸನ್ನೆಕೋಲಿನ ಅಂಚು ಸವೆದಿತ್ತೋ, ಸವೆಸಿದ್ದರೋ. ಬಿಳಿಮೀಸೆಯವನು, ನನಗೇನು ಗೊತ್ತು ಸಾಹೇಬ್ರೇ, ಬೆಳಿಗ್ಗೆ ಸೊನ್ನೆ ನೋಡಿಯೇ ಅಂಗಡಿ ತೆಗೆಯುತ್ತೇನೆ ಎಂದು ಗೋಗರೆದ.

"ಸೊನ್ನೆ ನೋಡಿ ಏನ್ರೀ ಗೊತ್ತಾಗುತ್ತೆ?" ಎಂದ ಇವನು. ಇಂಥ ಹೊತ್ತಿನಲ್ಲಿ ಅವನ ದನಿಗೆ ತಾನಾಗಿಯೇ ಒಂದು ಹರಿತ ಬರುತ್ತಿತ್ತು, ಸುತ್ತ ನಿಂತವರು ಕೇಳಲಿ ಅನ್ನುವಂತೆ. "ಖಾಲಿ ಇದ್ದಾಗ ಯಾವ ತಕ್ಕಡಿನೂ ಸುಳ್ಳು ಹೇಳಲ್ಲ. ಭಾರ ಹೊರಿಸಿ ನೋಡ್ಬೇಕು. ಅದೂ ಯಾವ ಮೂಲೆ ಮೇಲೆ ದಿನಾ ಭಾರ ಬೀಳುತ್ತೋ, ಆ ಮೂಲೆಗೆ."

ತಕ್ಕಡಿಯನ್ನು ಜೀಪಿಗೆ ಹಾಕಿಸುವಾಗ ಅವನ ಮನಸ್ಸು ಹಗುರವಾಗಿತ್ತು. ಮೋಸ ಸಿಕ್ಕ ದಿನ ಅವನಿಗೆ ಹಸಿವು ಚೆನ್ನಾಗಿ ಆಗುತ್ತಿತ್ತು. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿದವನು ಅನ್ನವನ್ನು ಒಂದು ಪಕ್ಕಕ್ಕೆ ಸರಿಸುತ್ತ ಕೂತ. ಫೋನು ಮಾಡಿ ಗೊತ್ತು ಮಾಡಿಕೊಂಡಿದ್ದಾಳೆ. ಯಾರು ಹೇಳಿದರು ಅವಳಿಗೆ ಈ ಡಾಕ್ಟರ ಬಗ್ಗೆ? ಹೆಂಗಸು ಡಾಕ್ಟರಂತೆ. ಹೆಂಗಸು ಹೆಂಗಸು ಸೇರಿದರೆ ಮುಗಿಯಿತು, ಮೆಟ್ಟಿಲು ಹತ್ತಕೂಡದು ಎಂದು ಬರೆದುಕೊಟ್ಟರೆ ಮುಗಿಯಿತು, ನನ್ನ ಕೋಣೆ ಹೋಯಿತು. ಡಬ್ಬಿಯ ಮುಚ್ಚಳ ಹಾಕುವಾಗ, ಇದನ್ನು ಕಟ್ಟಲು ಅವಳು ಬೆಳಿಗ್ಗೆ ಎಷ್ಟು ಹೊತ್ತು ಒಲೆಯ ಮುಂದೆ ನಿಂತಿರಬಹುದು ಎಂಬ ಯೋಚನೆ ಸುಳಿಯಿತು. ನಿಲ್ಲುವುದಕ್ಕೆ ಆಗುತ್ತದಲ್ಲ ಹಾಗಾದರೆ, ಎಂದು ಆ ಯೋಚನೆಯ ಬಾಯಿ ಮುಚ್ಚಿಸಿದ.

ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಕೂತವರೆಲ್ಲ ಒಂದೇ ಭಂಗಿಯಲ್ಲಿದ್ದರು, ಅಂಗೈಗಳನ್ನು ಮಂಡಿಯ ಮೇಲೆ ಕವುಚಿ, ಮಂಡಿ ಎದ್ದು ಓಡಿಹೋಗದಂತೆ ಹಿಡಿದುಕೊಂಡವರ ಹಾಗೆ. ಅವಳು ಮಾತ್ರ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಪಕ್ಕದ ಮುದುಕಿ, ನಿನಗೆ ಎಡವೋ ಬಲವೋ ಎಂದು ಕೇಳಿದಾಗ ಹೆಂಡತಿ ಅವನ ಕಡೆ ಒಮ್ಮೆ ನೋಡಿ, ಅಂಥದ್ದೇನಿಲ್ಲ, ಸುಮ್ಮನೆ ತೋರಿಸಲು ಬಂದೆ ಅಂದಳು. ಯಾಕೆ ನನ್ನನ್ನು ನೋಡಿದಳು? ಡಾಕ್ಟರು ಹೊಸ ಎಕ್ಸ್‌ರೇ ಬೇಕು ಎಂದರು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಬಿಳಿ ಕೋಟಿನವನು ಅವನನ್ನು ತಡೆದು, ಹೊರಗಿರಿ ಎಂದ. ಬಾಗಿಲು ಮುಚ್ಚುವ ಮೊದಲು ಒಂದು ಕ್ಷಣ ಒಳಗೆ ಕಂಡಿತು: ಪುಟ್ಟ ಮರದ ಮಣೆ, ಅದರ ಮೇಲೆ ಬರಿಗಾಲಲ್ಲಿ ಹತ್ತಿ ನಿಲ್ಲುತ್ತಿದ್ದ ಅವಳು, ಹಿಡಿದುಕೊಳ್ಳಲು ಏನೂ ಇಲ್ಲದೆ ಗಾಳಿಯಲ್ಲಿ ಚಾಚಿದ ಕೈ. ಎರಡೂ ಕಾಲಿನ ಮೇಲೆ ಪೂರ್ತಿ ಭಾರ ಬಿಡಿ ಅಮ್ಮ, ಎಂದು ಒಳಗಿನ ದನಿ ಹೇಳಿತು. ಆಮೇಲೆ ಬಾಗಿಲು. ಬಾಗಿಲ ಮೇಲೊಂದು ಕೆಂಪು ದೀಪ. ಅವನು ಆ ದೀಪವನ್ನೇ ನೋಡುತ್ತ, ಯಾವ ಕೋನದಲ್ಲಿ ನಿಂತರೆ ಸಂದು ಕಡಿಮೆ ಕಾಣುತ್ತದೆ, ಕಾಲು ಹೇಗೆ ಒತ್ತಿದರೆ ಡಾಕ್ಟರನ್ನು ಏಮಾರಿಸಬಹುದು, ಎಂದೆಲ್ಲ ಲೆಕ್ಕ ಹಾಕಿದ.

ಡಾಕ್ಟರು ಅವನಷ್ಟೇ ವಯಸ್ಸಿನ ಹೆಂಗಸು, ಮಾತಿನಲ್ಲಿ ಅವಸರವಿರಲಿಲ್ಲ. ಹಳೆಯದಿದ್ದರೆ ಕೊಡಿ ಎಂದು ಅವರು ಕೇಳುವ ಮೊದಲೇ ಅವನು ಲಕೋಟೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಿದ್ದ. ಅವರು ಎರಡನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಎಡಗಡೆ ಅವನ ಬ್ರಹ್ಮಾಸ್ತ್ರ, ಅದೇ ಕಪ್ಪು ಸಂದು. ಬಲಗಡೆ ಹೊಸದು. ಅವನಿಗೆ ಮೊದಲು ಅನ್ನಿಸಿದ್ದು, ಇದು ಬೇರೆ ಯಾರದೋ ಮಂಡಿ, ಅದಲುಬದಲಾಗಿದೆ. ಹೊರಬದಿಯಲ್ಲಿ ಸಂದು ಇತ್ತು, ಒಳಬದಿಗೆ ಬರುತ್ತ ಬರುತ್ತ ಸಣ್ಣದಾಗಿ, ಕೊನೆಯಲ್ಲಿ ಇರಲೇ ಇಲ್ಲ. ಮೇಲಿನ ಮೂಳೆ ಕೆಳಗಿನ ಮೂಳೆಯ ಮೇಲೆ ಕೂತಿತ್ತು. ಡಾಕ್ಟರು ಪೆನ್ನಿನ ತುದಿಯಿಂದ ಆ ಜಾಗವನ್ನು ತೋರಿಸಿದರು. ಮೂಳೆಯ ತುದಿಗೆ ನುಣುಪಾದ ಒಂದು ಹೊದಿಕೆ ಇರುತ್ತದೆ, ಮೃದ್ವಸ್ಥಿ ಅನ್ನುತ್ತಾರೆ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂದು ವಿವರಿಸಿದರು. ಮೂಳೆ ಮಾತ್ರ ಕಾಣುತ್ತದೆ. ಎರಡು ಮೂಳೆಗಳ ನಡುವೆ ನಮಗೆ ಖಾಲಿ ಜಾಗ ಎಂದು ಕಾಣುತ್ತದಲ್ಲ, ಅಲ್ಲಿರುವುದೇ ಅದು. ಅದು ಸವೆದಷ್ಟೂ ಖಾಲಿ ಕಡಿಮೆಯಾಗುತ್ತದೆ. ಇವರದು ಒಳಬದಿಯಲ್ಲಿ ಪೂರ್ತಿ ಸವೆದಿದೆ. ಹೋದ ವರ್ಷಕ್ಕೇ ಸಾಕಷ್ಟು ಸವೆದಿದ್ದಿರಬೇಕು. ಅವನು ಗಂಟಲು ಸರಿಮಾಡಿಕೊಂಡು, ಹೋದ ವರ್ಷದ್ದರಲ್ಲಿ ಸಂದು ಚೆನ್ನಾಗಿದೆಯಲ್ಲ ಮೇಡಂ ಎಂದ. ಆ ದನಿ ಅವನಿಗೆ ಎಲ್ಲೋ ಕೇಳಿದಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಬಿಳಿಮೀಸೆಯ ದನಿ.

"ಅದು ಮಲಗಿಸಿ ತೆಗೆದದ್ದು," ಎಂದರು ಡಾಕ್ಟರು. "ಮಲಗಿದಾಗ ಮಂಡಿ ಮೇಲೆ ಭಾರ ಇರಲ್ಲ, ಮೂಳೆ ಎರಡೂ ದೂರ ದೂರ ಇರ್ತವೆ. ಸವೆದಿದ್ರೂ ಸಂದು ಇದೆ ಅನ್ನೋ ಹಾಗೇ ಕಾಣುತ್ತೆ. ನಿಲ್ಲಿಸಿ ತೆಗೀಬೇಕಿತ್ತು. ಮಲಗಿಸಿ ತೆಗೀರಿ ಅಂತ ಯಾರು ಹೇಳಿದ್ರು?"

ಕೋಣೆಯಲ್ಲಿ ಬೆಳಕಿನ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನಿಗೆ ಆ ಬೆಳಿಗ್ಗೆ ಇಡಿಯಾಗಿ ಬಂದು ಎದುರಿಗೆ ನಿಂತಿತು. ಬೇರೆ ಲ್ಯಾಬು, ಹಸಿರು ಬಣ್ಣದ ಗೋಡೆ, ಹೊರಗೆ ಹಾರನ್ನು ಹೊಡೆಯುತ್ತಿದ್ದ ಆಫೀಸಿನ ಜೀಪು. ಎಕ್ಸ್‌ರೇಯವನು, ನಿಲ್ತೀರಾ ಅಮ್ಮ ಎಂದು ಕೇಳಿದ್ದ, ಇವಳು ಅವನ ಭುಜ ಹಿಡಿದು ಏಳಲು ಹೋಗಿ, ಅರ್ಧಕ್ಕೆ ಎದ್ದು, ಮತ್ತೆ ಕೂತು, ಸರದಿಯಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಹೆಂಡತಿ ಪರಗಂಡಸಿನ ಭುಜ ಹಿಡಿದು ಒದ್ದಾಡುವುದನ್ನು ಜನ ನೋಡುವುದು ಅವನಿಗೆ ಸಹಿಸಲಾಗಲಿಲ್ಲ. ಮಲಗಿಸೇ ತೆಗೀರಿ ಮಾರಾಯ್ರೇ, ಇವಳು ನಿಲ್ಲೋ ಹೊತ್ತಿಗೆ ನಿಮ್ಮ ಲ್ಯಾಬಿಗೆ ಬಾಗಿಲು ಹಾಕೋ ಹೊತ್ತಾಗುತ್ತೆ, ಎಂದು ಬಾಗಿಲಿನಿಂದಲೇ ಹೇಳಿದ್ದ. ನಾಲ್ಕು ಜನ ನಕ್ಕಿದ್ದರು. ಎಂದೂ ಖಾಲಿ ತಕ್ಕಡಿಗೆ ಮುದ್ರೆ ಒತ್ತದ ತೂಕದ ಸಾಹೇಬ ಅವತ್ತು ತನ್ನ ಕೈಯಾರೆ ಭಾರ ಇಳಿಸಿ, ಸೊನ್ನೆ ತೋರಿಸಿ, ಮುದ್ರೆ ಒತ್ತಿಸಿಕೊಂಡು ಬಂದಿದ್ದ. ಈಗ ಅವಳು ಹೇಳುತ್ತಾಳೆ. ಹೇಳಲಿ. ಹೇಳಲೆಂದೇ ಕರೆದುಕೊಂಡು ಬಂದಿದ್ದಾಳೆ. ಅವನು ಕುರ್ಚಿಯ ಕೈಗಳನ್ನು ಹಿಡಿದುಕೊಂಡ.

"ನಾನೇ ಕೇಳ್ಕೊಂಡೆ ಡಾಕ್ಟ್ರೇ," ಎಂದಳು ಅವಳು. "ಅವತ್ತು ನಿಲ್ಲೋಕೆ ಆಗ್ತಿರ್ಲಿಲ್ಲ."

ಒಂದು ವರ್ಷದಿಂದ ಅವನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ್ದು ಇದನ್ನೇ, ಅವಳ ಬಾಯಿಂದ ಬರುವ ಒಂದೇ ಒಂದು ಸುಳ್ಳನ್ನು. ಈಗ ಸಿಕ್ಕಿತ್ತು. ಬೆಳಕಿನ ಪೆಟ್ಟಿಗೆಯ ಮುಂದೆ, ಸಾಕ್ಷಿ ಸಮೇತ. ಆದರೆ ಹಿಡಿದುಕೊಳ್ಳಲು ಹೋದರೆ ಅದು ತನ್ನದೇ ಕೊರಳಪಟ್ಟಿಯಾಗಿತ್ತು. ಡಾಕ್ಟರು ಮುಂದಕ್ಕೆ ಹೇಳುತ್ತಿದ್ದರು, ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ತೂಕ ಇಳಿಸುವುದು, ಮೆಟ್ಟಿಲು ಆದಷ್ಟೂ ಕಡಿಮೆ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಮುಂದೆ ಆಪರೇಷನ್ ಬಗ್ಗೆ ಯೋಚನೆ. ಅವನ ಗುಮಾನಿ ಇನ್ನೂ ಪೂರ್ತಿ ಸತ್ತಿರಲಿಲ್ಲ, ಹಾವಿನ ಬಾಲದ ಹಾಗೆ ಆಡುತ್ತಲೇ ಇತ್ತು. ಅದು ಅವನ ಬಾಯಿಯಿಂದ ಕೇಳಿಸಿತು, ಹಾಗಾದರೆ ಸಂದು ಇಷ್ಟು ಕಡಿಮೆಯಾದವರಿಗೆಲ್ಲ ನೋವು ಇದ್ದೇ ಇರುತ್ತದೆಯೇ. ಹಾಗೇನಿಲ್ಲ, ಎಂದರು ಡಾಕ್ಟರು. ಕೆಲವರಿಗೆ ಇಷ್ಟು ಸವೆದಿದ್ದರೂ ಅಷ್ಟು ನೋವಿರುವುದಿಲ್ಲ, ಕೆಲವರಿಗೆ ಸ್ವಲ್ಪ ಸವೆದಿದ್ದರೂ ಜೀವ ಹೋಗುವಷ್ಟಿರುತ್ತದೆ. ಒಂದು ದಿನ ಇದ್ದದ್ದು ಇನ್ನೊಂದು ದಿನ ಇರುವುದಿಲ್ಲ. ಎಕ್ಸ್‌ರೇ ಸಂದನ್ನು ತೋರಿಸುತ್ತದೆ, ನೋವನ್ನಲ್ಲ. ನೋವು ಎಷ್ಟಿದೆ ಅನ್ನುವುದನ್ನು ಅವರನ್ನೇ ಕೇಳಬೇಕು, ಎಂದು ಪೆನ್ನನ್ನು ಅವಳ ಕಡೆ ತಿರುಗಿಸಿದರು. ಅವನು ಹೆಂಡತಿಯ ಕಡೆ ತಿರುಗಿದ. ಕೇಳಬೇಕೆಂದು ಬಾಯಿ ತೆರೆದ. ಮದುವೆಯಾದಂದಿನಿಂದ ಈವರೆಗೆ ಆ ಪ್ರಶ್ನೆಯನ್ನು ಸಾದಾ ದನಿಯಲ್ಲಿ ಕೇಳಿದ ನೆನಪು ಅವನಿಗಿರಲಿಲ್ಲ, ದನಿ ಹೇಗಿರಬೇಕೆಂದೇ ತೋಚಲಿಲ್ಲ. ಡಾಕ್ಟರು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

ಟ್ಯಾಕ್ಸಿಯಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಬೀದಿಯ ದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಎರಡೂ ಲಕೋಟೆ ಅವನ ತೊಡೆಯ ಮೇಲಿದ್ದವು. ಅವನಿಗೆ ಒಳಗೊಳಗೇ ಒಂದು ಬಗೆಯ ಬಿಸುಪು ಏರತೊಡಗಿತ್ತು: ಪರರ ಮುಂದೆ ನನ್ನ ಮರ್ಯಾದೆ ಉಳಿಸಿದಳು. ಎಷ್ಟಾದರೂ ನನ್ನ ಹೆಂಡತಿ, ನನ್ನ ಮೇಲೆ ಪ್ರೀತಿ ಇಲ್ಲದಿದ್ದರೆ ಹೀಗೆ ಹೇಳುತ್ತಿದ್ದಳೇ. ಆ ಬಿಸುಪಿಗೆ ಇನ್ನಷ್ಟು ಕಾವು ಬೇಕೆನ್ನಿಸಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಮಲಗಿಸಿ ತೆಗೆಯಲು ನೀನೇ ಹೇಳಿದ್ದು ಅಂತ, ಎಂದ.

"ಇನ್ನೇನು ಹೇಳ್ಲಿ," ಎಂದಳು ಅವಳು, ಮುಖ ತಿರುಗಿಸದೆ. "ಹೊರಗೆ ಯಾರಾದ್ರೂ ನಿಮ್ಮ ತಪ್ಪು ಹಿಡಿದ್ರೆ ಆ ಸಿಟ್ಟು ಮನೆಗೆ ಬರುತ್ತಲ್ಲ."

ದನಿಯಲ್ಲಿ ಆಪಾದನೆ ಇರಲಿಲ್ಲ. ನಾಳೆ ಹಾಲು ಹೆಚ್ಚಿಗೆ ತರಿಸಬೇಕು ಅನ್ನುವಾಗ ಇರುವಂಥ ದನಿ. ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ತನ್ನನ್ನು ನೋಡಿ ನಗುತ್ತಿದ್ದಾನೆಂದು ಅನುಮಾನವಾಗಿ ಕತ್ತು ಚಾಚಿ ನೋಡಿದ. ಅವನು ರಸ್ತೆಯನ್ನು ನೋಡುತ್ತಿದ್ದ, ಪಾಪ.

ಮನೆಗೆ ಬಂದ ಕೂಡಲೇ ಅವಳು ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಅಕ್ಕನ ಊಟದ ಹೊತ್ತು. ತಟ್ಟೆ ಸಿದ್ಧವಾದಾಗ ಅವನು ಹೋಗಿ, ನಾನೇ ಒಯ್ಯುತ್ತೇನೆ ಎಂದು ಕೈಯಿಂದ ತೆಗೆದುಕೊಂಡ. ಅವಳು ಬಿಡಲೋ ಬೇಡವೋ ಅನ್ನುವಂತೆ ಒಂದು ಕ್ಷಣ ಹಿಡಿದುಕೊಂಡೇ ಇದ್ದಳು. ಇದರ ಹಿಂದೇನಿದೆ ಎಂದು ಅವಳೂ ಹುಡುಕುತ್ತಿದ್ದಳು. ತಟ್ಟೆ, ನೀರಿನ ಚೊಂಬು, ಭುಜದ ಮೇಲೆ ಒಗೆದ ಟವೆಲು. ಕಂಬಿ ಹಿಡಿಯಲು ಕೈಯೇ ಇಲ್ಲ ಅನ್ನುವುದು ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅವನಿಗೆ ಗೊತ್ತಾಯಿತು. ಅಕ್ಕ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ತಮ್ಮ ತಟ್ಟೆ ತಂದದ್ದು ನೋಡಿ ಅವಳ ಹುಬ್ಬು ಮೇಲೇರಿತು, ಮಹಾರಾಣಿಯವರಿಗೆ ಇವತ್ತು ಏನಾಯಿತಂತೆ ಎಂದು ಕೇಳಿದಳು. ಅವನು ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಅವಳ ಮಂಡಿ ನಿಜವಾಗಿಯೂ ಹೋಗಿದೆ ಅಕ್ಕ, ನಾನು ನೋಡಿದೆ, ಎಂದ. ಅಕ್ಕ ಅನ್ನ ಕಲಸಿದಳು, ಬಾಯಿಗೆ ಇಡಲಿಲ್ಲ. ಇವನು ಚಿಕ್ಕವನಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವಳು ಅವಳು, ಇವನ ಮುಖ ನೋಡಿದರೆ ಒಳಗಿನದೆಲ್ಲ ಓದುವವಳು. ಅವನು ಆ ನೋಟ ತಪ್ಪಿಸಲು ಕಿಟಕಿಯ ಕಡೆ ತಿರುಗಿ, ನಿನ್ನನ್ನು ಕೆಳಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ, ಮುಂದಿನ ಕೋಣೆಗೆ, ನಿನಗೆ ಈ ಕಿಟಕಿ ಬಿಟ್ಟು ಇರುವುದು ಕಷ್ಟ ಅಂತ ಗೊತ್ತು, ಆದರೂ, ಎಂದು ತಡವರಿಸಿದ.

"ಕಿಟಕಿ ಬೇಕು ಅಂತ ನಾನು ಯಾವತ್ತು ಹೇಳ್ದೆ ಮರಿ?" ಎಂದಳು ಅಕ್ಕ. "ನಾನು ಕೆಳಗಿರೋದು ಅವಳಿಗೆ ಇಷ್ಟ ಇಲ್ಲ ಅಂತ ನೀನೇ ಅಲ್ವಾ ಅಂದದ್ದು?"

ಅಂದಿದ್ದ. ಅಕ್ಕ ಬಂದ ಹೊಸದರಲ್ಲಿ, ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಹತ್ತಿರ ನಿಂತು. ಕೆಳಗೆ ಜಾಗ ಇಲ್ಲವೇ ಎಂದು ಅಕ್ಕ ಕೇಳಿದಾಗ, ಜಾಗ ಇದೆ, ಆದರೆ ಅವಳ ಸ್ವಭಾವ ನಿನಗೆ ಗೊತ್ತಲ್ಲ, ಎಂದು ನಗುತ್ತ ಹೇಳಿದ್ದ. ಅಷ್ಟೇ. ಒಂದು ಸಣ್ಣ ಮಾತು, ಕೂದಲೆಳೆಯಷ್ಟು. ಇಲ್ಲಿ ಹೆಂಡತಿಯ ಹೆಸರು ಹೇಳಿ, ಅಲ್ಲಿ ಅಕ್ಕನ ಹೆಸರು ಹೇಳಿ, ನಡುವೆ ತಾನು ಬಾಗಿಲು ಹಾಕಿಕೊಂಡು ರೇಡಿಯೋ ಕೇಳುತ್ತ ಕೂತಿದ್ದ. ಆ ಮಾತಿನ ಮೇಲೆ ಅಕ್ಕ ವರ್ಷಗಟ್ಟಲೆ ತನ್ನ ನಾದಿನಿತನವನ್ನೆಲ್ಲ ಕಟ್ಟಿಕೊಂಡಿದ್ದಳು. ಹೆಂಡತಿ ಬಿಸಿನೀರು ತಂದರೆ ತಣ್ಣಗಾಗಿದೆ ಎಂದಳು, ಕಂಬಳಿ ತಂದರೆ ಚುಚ್ಚುತ್ತದೆ ಎಂದಳು, ಮತ್ತೊಮ್ಮೆ ಇಳಿಸಿದಳು, ಮತ್ತೊಮ್ಮೆ ಹತ್ತಿಸಿದಳು. ಅಕ್ಕನಿಗೂ ಈಗ ಅದೆಲ್ಲ ಒಟ್ಟಿಗೆ ಕಾಣುತ್ತಿತ್ತೋ ಏನೋ, ಕಲಸಿದ ಅನ್ನದ ಮೇಲೆ ಬೆರಳು ನಿಂತೇ ಇತ್ತು. ಅವನಿಗೆ ಏನಾದರೂ ಹೇಳಬೇಕೆನ್ನಿಸಿತು. ಹೇಳುವುದಕ್ಕೆ ಸುಳ್ಳುಗಳು ಮಾತ್ರ ನಾಲಗೆಯ ತುದಿಗೆ ಬಂದವು, ಒಂದಾದ ಮೇಲೊಂದು, ವಿನಯವಾಗಿ.

ಆಗ ಕೆಳಗೆ ಹೆಜ್ಜೆ ಸಪ್ಪಳ ಶುರುವಾಯಿತು. ಒಂದು ಗಟ್ಟಿಯಾಗಿ, ಇನ್ನೊಂದು ಎಳೆದುಕೊಂಡು. ಕಂಬಿಯ ಕಿರುಗುಟ್ಟು. ಆಮೇಲೆ ಏನೂ ಇಲ್ಲದ ಹೊತ್ತು. ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಮಾತ್ರೆ ಮರೆತು ಬಂದಿದ್ದೇನೆ, ಎಂದುಕೊಂಡು ಅವನು ಹೊರಗೆ ಬಂದ. ಮೆಟ್ಟಿಲ ತಿರುವಿನಲ್ಲಿ ದೀಪ ಇರಲಿಲ್ಲ, ಕೆಳಗಿನ ಹಜಾರದ ಬೆಳಕು ಅವಳ ಬೆನ್ನಿಗೆ ಬಿದ್ದಿತ್ತು. ಅವಳು ಎರಡೂ ಕೈಯಿಂದ ಕಂಬಿ ಹಿಡಿದು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಾಲನ್ನು ಸೊಂಟದಿಂದ ಎತ್ತಿ ಎತ್ತಿ ಇಡುತ್ತಿದ್ದಳು; ತುಟಿ ಕಚ್ಚಿಕೊಂಡಿದ್ದಳು; ಮಾತ್ರೆಯ ಡಬ್ಬಿ ಸೆರಗಿನ ಗಂಟಿನಲ್ಲಿತ್ತು. ಆಫೀಸಿನವರ ಮುಂದೆ ಅವನು ಮಾಡಿ ತೋರಿಸಿದ ನಡಿಗೆ ಇದಾಗಿರಲಿಲ್ಲ. ಅದು ಇದರ ಕಾಲುಭಾಗವೂ ಆಗಿರಲಿಲ್ಲ. ಅವನು ಹೆಸರು ಹಿಡಿದು ಕರೆಯಬೇಕೆಂದುಕೊಂಡ, ಕರೆಯುವ ಮೊದಲೇ ಅವಳು ತಲೆಯೆತ್ತಿದಳು. ಮೇಲೆ ನಿಂತವನನ್ನು ಕಂಡದ್ದೇ, ಅವಳ ಕೈ ಕಂಬಿಯಿಂದ ಜಾರಿತು, ಬೆನ್ನು ನೆಟ್ಟಗಾಯಿತು, ಮುಖದ ಮೇಲಿನದೆಲ್ಲ ಅಳಿಸಿ ಹೋಯಿತು. ಉಳಿದ ಮೆಟ್ಟಿಲುಗಳನ್ನು ಅವಳು ಏನೂ ಆಗದವಳಂತೆ, ಮೆಟ್ಟಿಲಿಗೊಂದೊಂದೇ ಹೆಜ್ಜೆಯಿಟ್ಟು, ನೆಟ್ಟಗೆ ಹತ್ತಿ ಬಂದಳು.

ಆ ನಾಲ್ಕಾರು ಮೆಟ್ಟಿಲಲ್ಲಿ ಅವನಿಗೆ ಎಲ್ಲವೂ ತಿಳಿಯಿತು. ಹಜಾರದಲ್ಲಿ ಎಲ್ಲರೂ ನಕ್ಕ ಸಂಜೆಯಿಂದ ಅವಳು ಹೀಗೇ ನಡೆದಿದ್ದಳು, ಅವನ ಕಣ್ಣೆದುರಿಗೆ ಒಂದು ನಡಿಗೆ, ಗೋಡೆಯಾಚೆ ಒಂದು. ಸ್ಟೂಲಿನ ಮೇಲಿಂದ ಇಳಿಯದೆ ನಿಂತದ್ದೂ ಅದಕ್ಕೇ. ಅವಳು ನೋವನ್ನು ನಟಿಸಿರಲಿಲ್ಲ, ನೋವಿಲ್ಲದಿರುವುದನ್ನು ನಟಿಸಿದ್ದಳು. ನಾಟಕ ಇದ್ದದ್ದು ನಿಜ, ಅದರ ಒಬ್ಬನೇ ಪ್ರೇಕ್ಷಕ ಟಿಕೆಟ್ಟು ಕೊಂಡು ಕೂತು ತಪ್ಪು ಕಡೆ ನೋಡುತ್ತಿದ್ದ. ಅವನು ಹಿಡಿದುಕೊಳ್ಳಲೆಂದು ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಮಾತ್ರೆಗೆ ಎಂದುಕೊಂಡು, ಸೆರಗಿನ ಗಂಟು ಬಿಚ್ಚಿ ಡಬ್ಬಿಯನ್ನು ಅಂಗೈಯಲ್ಲಿಟ್ಟಳು.

"ಊಟ ಆದ್ಮೇಲೆ ಬಿಳೀದು ಒಂದು," ಎಂದಳು. "ನಾನೇನೂ ನಾಟಕ ಮಾಡ್ತಾ ಬರ್ಲಿಲ್ಲ, ನೀವು ಮರೆತು ಹೋಗಿದ್ರಿ, ಅದಕ್ಕೆ."

ನಾಳೆ ಕೋಣೆ ಖಾಲಿ ಮಾಡುತ್ತೇನೆ ಎಂದ ಅವನು. ಯಾವ ಕೋಣೆ, ಎಂದು ಅವಳು ಕೇಳಲಿಲ್ಲ. ಅವಳ ಕಣ್ಣು ಅವನ ಮುಖದ ಮೇಲೆ ಓಡಾಡಿತು, ಗಿರಾಕಿಯೊಬ್ಬಳು ಹೊಸ ಅಂಗಡಿಯ ತಕ್ಕಡಿಯನ್ನು ನೋಡುವ ಹಾಗೆ, ನಂಬಬಹುದೇ ಎಂದು. ಆಗಲಿ, ಎಂದಷ್ಟೇ ಹೇಳಿ ಇಳಿಯಲು ತಿರುಗಿದಳು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಅನ್ನುವುದು ಅವಳ ಹೆಗಲಿನಲ್ಲಿ ಕಂಡಿತು. ಮೊದಲ ಮೆಟ್ಟಿಲ ಮೇಲೆ ನಿಂತಳು. ಕಂಬಿ ಪಕ್ಕದಲ್ಲೇ ಇತ್ತು, ಹಿಡಿಯಲಿಲ್ಲ. ಬೆನ್ನ ಹಿಂದೆ ಅವನಿದ್ದಾನೆ, ನೋಡುತ್ತಿದ್ದಾನೆ, ಅದು ಅವಳಿಗೆ ಗೊತ್ತಿತ್ತು. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕಾಲು ಮುಂದಿಡಲು ಧೈರ್ಯ ತಂದುಕೊಳ್ಳುತ್ತಿದ್ದಳು. ಹಿಡಿದುಕೋ ಎಂದು ಹೇಳಿದರೆ ಅದೂ ಅವಳಿಗೆ ಒಂದು ಪರೀಕ್ಷೆಯ ಹಾಗೇ ಕೇಳಿಸೀತು. ಅವನು ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು, ಮೆಟ್ಟಿಲಿಗೆ ಬೆನ್ನು ಮಾಡಿ, ಹೆಜ್ಜೆಯ ಸಪ್ಪಳ ಅವಳಿಗೆ ಚೆನ್ನಾಗಿ ಕೇಳುವಂತೆ ಗೋಡೆಯ ಕಡೆ ತಿರುಗಿ ನಿಂತ. ಗೋಡೆಯ ಸುಣ್ಣ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಂಬಿ ಕಿರುಗುಟ್ಟಿತು.